ಕೆರೆಯ ಹೂಳಿನಲ್ಲಿ ಗಾಳಿ ತಂದದ್ದೆಷ್ಟು, ನೀರು ತಂದದ್ದೆಷ್ಟು: ಚಿತ್ರದುರ್ಗ ಬಯಲಿನ ಒಂದು ಪ್ರಕರಣ

ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೆ ಹಬ್ಬಿದ ಬಯಲಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಕೆರೆಯಿದೆ. ಬೇಸಿಗೆಯಲ್ಲಿ ಹೂಳೆತ್ತಲು ಇಟಾಚಿ ಇಳಿದಾಗ ಕೆರೆಯಂಗಳದಲ್ಲಿ ಅಲ್ಲಲ್ಲಿ ಆಳೆತ್ತರದ ಗುಂಡಿಗಳು ಬಿದ್ದವು. ಗುಂಡಿಯ ಗೋಡೆಯನ್ನು ಕರಣೆಯಿಂದ ಕೆರೆದು ನೀಟು ಮಾಡಿದರೆ ಕಪ್ಪುಬೂದು ಜೇಡಿಯ ನಡುವೆ ಮೂರು ತಿಳಿಗಂದು ಪಟ್ಟೆಗಳು, ಮೇಲ್ತುದಿಯ ಹತ್ತಿರ ಬೆರಳಗಲದ ಒಂದು ಕೆಂಪು ಪದರ ಎದ್ದು ಕಾಣುತ್ತಿದ್ದವು. ತಿಳಿಗಂದು ಪಟ್ಟೆಯ ಮಣ್ಣು ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪುಡಿಗಿಂತ ತುಸು ಒರಟು, ಮರಳಿಗಿಂತ ಬಹಳ ನಯ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಇದು ಗಾಳಿ ತಂದ ಧೂಳು.

ಹಾಗೆ ಹೇಳಲು ಕಾರಣವೂ ಇತ್ತು. ಗಾಳಿಗೆ ಹೆಸರಾದ ಜಿಲ್ಲೆ ಇದು. ದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ನೈಋತ್ಯ ಮುಂಗಾರಿನ ಗಾಳಿ ಘಟ್ಟ ಹತ್ತುವಾಗಲೇ ಬಹುಪಾಲು ಮಳೆ ಸುರಿಸಿ, ಇಲ್ಲಿಗೆ ಬರುವ ಹೊತ್ತಿಗೆ ಬೀಸು ಮಾತ್ರ ಉಳಿಸಿಕೊಂಡಿರುತ್ತದೆ. ಚಳ್ಳಕೆರೆ ಕಡೆ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಹಿಂಗಾರಿನ ಹೊಸ್ತಿಲಲ್ಲಿ. ಆಷಾಢದಲ್ಲಿ ಗಾಳಿ ಜೋರಾಗಿರುವಾಗಲೇ ಶೇಂಗಾ ಹೊಲಗಳು ಉತ್ತು ಹರಗಿ, ಹದ ಮಳೆಗೆ ಬಾಯಿಬಿಟ್ಟುಕೊಂಡಿರುತ್ತವೆ. ಇದೇ ಸೀಮೆಯ ವೇದಾವತಿ, ಹಗರಿ ಎಂಬ ಹೆಸರೂ ಇರುವ ಹೊಳೆ, ಆಂಧ್ರದ ಅನಂತಪುರ ಜಿಲ್ಲೆಗೆ ದಾಟಿದ ಮೇಲೆ ಕಣೇಕಲ್, ಬೊಮ್ಮನಹಾಳ್ ಕಡೆ ಒಣಗಿದ ಪಾತ್ರದ ಮರಳನ್ನು ಗಾಳಿಗೆ ಬಿಟ್ಟುಕೊಟ್ಟು ಹೊಲಗಳ ಮೇಲೆ ದಿಬ್ಬ ಕಟ್ಟಿಸಿದೆ. ಇಂಥ ಕಡೆ ಕೆರೆಯ ಹೂಳಿನಲ್ಲಿ ಧೂಳು ಸಿಕ್ಕಿತು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಆದರೆ ನಯವಾಗಿದೆ ಎಂಬ ಒಂದೇ ಕಾರಣಕ್ಕೆ ಗಾಳಿಯದ್ದು ಎಂದು ಬರೆದುಬಿಟ್ಟರೆ ಆ ದಾಖಲೆಗೆ ಬೆಲೆಯಿಲ್ಲ. ನಿಂತ ನೀರೂ ನಯವಾದ ಮಣ್ಣನ್ನೇ ಇಳಿಸುತ್ತದೆ. ಕಣ ಎಲ್ಲಿಂದ ಹೊರಟಿತು ಎಂಬುದು ಒಂದು ಪ್ರಶ್ನೆ. ಕೊನೆಯ ಬಾರಿ ಅದನ್ನು ಹೊತ್ತು ತಂದು ಇಲ್ಲಿ ಇಳಿಸಿದ್ದು ಯಾರು ಎಂಬುದು ಇನ್ನೊಂದು. ಖನಿಜ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕಣದ ಗಾತ್ರವನ್ನೂ ಪದರದ ಹರವನ್ನೂ ಕೇಳಬೇಕು. ಈ ಎರಡನ್ನು ಬೆರೆಸಿದಲ್ಲೆಲ್ಲ ಹಳೆಯ ಧೂಳಿನ ಕಥೆ ದಾರಿ ತಪ್ಪುತ್ತದೆ. ಈ ಕೆರೆಯಲ್ಲಿ ಅದು ಹೇಗೆ ಬಿಡಿಸಿಕೊಂಡಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಾಳಿಯ ಜರಡಿ

ಒಕ್ಕಣೆಯ ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ನಾಲ್ಕು ಮಾರು ಆಚೆ, ಸುಂಕು ಕಣ ದಾಟಿ ಪಕ್ಕದ ಹೊಲಕ್ಕೆ. ಮಣ್ಣಿನ ವಿಷಯದಲ್ಲೂ ಗಾಳಿ ಮಾಡುವುದು ಅದನ್ನೇ. ಅರ್ಧ ಮಿಲಿಮೀಟರಿಗಿಂತ ದಪ್ಪ ಕಣ ನೆಲದ ಮೇಲೆ ಉರುಳುತ್ತದೆ, ಅಷ್ಟೆ. 70 ಮೈಕ್ರಾನಿನಿಂದ 500 ಮೈಕ್ರಾನ್ ವರೆಗಿನದ್ದು (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಜಿಗಿಜಿಗಿದು ಸಾಗುತ್ತದೆ. ಮರಳ ದಿಬ್ಬ ಕಟ್ಟುವುದು ಈ ಜಿಗಿಯುವ ಮರಳು. 20ರಿಂದ 70 ಮೈಕ್ರಾನಿನ ಕಣಗಳು ಗಾಳಿಯಲ್ಲಿ ತೇಲಿದರೂ ಹೆಚ್ಚು ದೂರ ಹೋಗದೆ ಇಳಿಯುತ್ತವೆ. 20 ಮೈಕ್ರಾನಿಗಿಂತ ಸಣ್ಣವು ದಿನಗಟ್ಟಲೆ ತೇಲಿ ಸೀಮೆ ದಾಟಬಲ್ಲವು.

ಇಲ್ಲಿ ಒಂದು ಸೋಜಿಗವಿದೆ. ಅತಿ ಸಣ್ಣ ಕಣವನ್ನು ಎಬ್ಬಿಸುವುದು ಗಾಳಿಗೆ ಸುಲಭವಲ್ಲ. ಸುಲಭಕ್ಕೆ ಏಳುವುದು ಸುಮಾರು 80 ಮೈಕ್ರಾನಿನ ನಯ ಮರಳು. ಅದಕ್ಕಿಂತ ಸಣ್ಣವು ಒಂದಕ್ಕೊಂದು ಅಂಟಿಕೊಂಡು ನೆಲ ಬಿಡುವುದಿಲ್ಲ. ಜಿಗಿಯುವ ಮರಳು ಬಂದು ಬಡಿದಾಗಲೇ ಆ ಅಂಟು ಬಿಟ್ಟು ಧೂಳೇಳುತ್ತದೆ. ಆದ್ದರಿಂದ ಧೂಳೇಳಬೇಕಾದರೆ ಮರಳೂ ಬೇಕು, ನವಿರು ಮಣ್ಣೂ ಬೇಕು, ಎರಡೂ ಒಣಗಿ ಬರಿದಾಗಿರಬೇಕು. ಉತ್ತು ಬಿಟ್ಟ ಕೆಂಪು ಮಸಾರಿಯಲ್ಲಿ ಇವೆಲ್ಲ ಒಟ್ಟಿಗೆ ಸಿಗುತ್ತವೆ. ಎರೆ ಹೊಲದ ಮಣ್ಣು ಹೆಂಟೆಗಟ್ಟಿ ಕೂತಿರುವಷ್ಟು ದಿನ ಅಷ್ಟಾಗಿ ಬಿಟ್ಟುಕೊಡುವುದಿಲ್ಲ.

ಇದರಿಂದ ಬರುವ ಮುಖ್ಯ ಪಾಠವೆಂದರೆ, ಕಣದ ಗಾತ್ರವೂ ಧೂಳಿನ ಪ್ರಮಾಣವೂ ಒಂದೇ ವಿಷಯ ಹೇಳುವುದಿಲ್ಲ. ಅರಬ್ಬಿ ಸಮುದ್ರದ ತಳದ ಹೂಳನ್ನು ಓದಿದ ಸ್ಟೀವನ್ ಕ್ಲೆಮೆನ್ಸ್ ಮತ್ತು ವಾರೆನ್ ಪ್ರೆಲ್ 1990ರಲ್ಲಿಯೇ ಇವೆರಡನ್ನು ಬೇರ್ಪಡಿಸಿ ತೋರಿಸಿದ್ದರು: ನೆಲದಿಂದ ಬಂದ ಕಣಗಳ ಗಾತ್ರ ಮುಂಗಾರು ಗಾಳಿಯ ಬಲವನ್ನು ಹೇಳಿದರೆ, ಎಷ್ಟು ಧೂಳು ಬಿತ್ತು ಎಂಬುದು ಅದು ಹೊರಟ ನೆಲ ಎಷ್ಟು ಒಣಗಿತ್ತು ಎಂಬುದನ್ನು ಹೇಳುತ್ತದೆ. ಕೆರೆಯ ಮಟ್ಟಿಗೆ ಇದಕ್ಕೆ ಇನ್ನೊಂದು ಸೇರುತ್ತದೆ, ಬೇಸಾಯ. ಗಾಳಿಯೂ ಮಳೆಯೂ ಇದ್ದಂತೆಯೇ ಇದ್ದು, ಹುಲ್ಲುಗಾವಲು ಉಳುಮೆಗೆ ಬಿದ್ದರೂ ಸಾಕು, ಧೂಳು ಹೆಚ್ಚುತ್ತದೆ.

ಮೊದಲು ಊರಿನ ಮಣ್ಣಿನ ಗುರುತು

ಗುಂಡಿಯ ಮಣ್ಣಿಗೆ ಕೈಹಾಕುವ ಮೊದಲು ಕೆರೆಗೆ ಏನೇನು ಬರಬಹುದು ಎಂಬುದು ತಿಳಿದಿರಬೇಕು. ಈ ಕೆಲಸದಲ್ಲಿ ಬಹಳ ಜನ ಹಾರಿಸಿಬಿಡುವ ಹಂತ ಇದು. ನನ್ನ ಮಟ್ಟಿಗೆ ಅರ್ಧ ಕೆಲಸವೇ ಇದು.

ಕೆರೆಯ ಜಲಾನಯನ ಪೂರ್ತಿ ನೈಸ್ ಶಿಲೆಯ ನೆಲ: ಬೆಣಚು, ಫೆಲ್ಡ್‌ಸ್ಪಾರ್, ಅಲ್ಲಲ್ಲಿ ಕಪ್ಪು ಅಭ್ರಕ. ನಡುವೆ ಕರಿಕಲ್ಲಿನ ಒಂದು ಡೈಕ್, ಅಂದರೆ ನೆಲದ ಬಿರುಕಿನಲ್ಲಿ ಕರಗಿದ ಶಿಲೆ ಹೆಪ್ಪುಗಟ್ಟಿದ ಗೋಡೆಯಂಥ ಸಾಲು, ಉದ್ದಕ್ಕೆ ಹಾದಿದೆ. ಪಡುವಣಕ್ಕೆ, ದೂರದಲ್ಲಿ, ಚಿತ್ರದುರ್ಗದ ಶಿಸ್ಟ್ ಎಂಬ ಪದರುಗಲ್ಲಿನ ಪಟ್ಟಿ; ಅದರಲ್ಲೇ ಹೊಳಲ್ಕೆರೆ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿನ ಬೆಟ್ಟಗಳು. ಆಷಾಢದ ಗಾಳಿ ಬೀಸುವುದು ಆ ಕಡೆಯಿಂದ ಈ ಕಡೆಗೆ. ಹಳ್ಳಗಳು ಆ ಬೆಟ್ಟಗಳಿಂದ ಈ ಕೆರೆಗೆ ಬರುವುದಿಲ್ಲ. ಅಂದರೆ ಶಿಸ್ಟ್ ಪಟ್ಟಿಯ ಖನಿಜ ಇಲ್ಲಿ ಸಿಕ್ಕರೆ ನೀರಿನ ದಾರಿಯಲ್ಲಿ ಬಂದಿರಲಾರದು ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಈ ಮೇಲುನೋಟ ಎಷ್ಟು ನಿಲ್ಲುತ್ತದೆ ಎಂಬುದು ಕೆಂಪು ಪದರದ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಹೋಲಿಕೆಗೆ ಹಳ್ಳದ ಬಾಯಿಯ ಮರಳು, ಪಡುವಣ ಹೊಲಗಳ ಮೇಲ್ಮಣ್ಣು, ಡೈಕಿನ ಬುಡದ ಮಣ್ಣು ತೆಗೆದುಕೊಂಡೆವು. ಗಾಳಿ ಮಾತ್ರ ತಂದ ಮಣ್ಣು ಬೇಕಲ್ಲ, ಅದಕ್ಕೆ ಮೂರು ಕಡೆ ಹುಡುಕಿದೆವು: ಬಳ್ಳಾರಿ ಜಾಲಿಯ ಬುಡದಲ್ಲಿ ಕೂತ ಪುಟ್ಟ ದಿಬ್ಬಗಳು, ಊರಾಚೆಯ ಕಲ್ಲುಗುಡಿಯ ಮಾಳಿಗೆ, ಒಂಟಿ ಗುಡ್ಡದ ನೆತ್ತಿಯ ದೊಣೆ. ಇವುಗಳಲ್ಲಿ ದೊಣೆಯೇ ಉತ್ತಮ. ಬಂಡೆಯ ತುತ್ತತುದಿಯ ಆ ಕುಳಿಗೆ ಹಳ್ಳವಿಲ್ಲ, ಹೊಲವಿಲ್ಲ. ಸುತ್ತಲ ಬಂಡೆ ಉದುರಿಸಿದ ದಪ್ಪ ಹರಳು ಬಿಟ್ಟರೆ ಉಳಿದ ನವಿರು ಮಣ್ಣೆಲ್ಲ ಆಕಾಶದಿಂದ ಇಳಿದದ್ದೇ. ನಮ್ಮ ಜಿಲ್ಲೆಯಲ್ಲಿ ದೊಣೆಯಿರುವ ಗುಡ್ಡಗಳಿಗೆ ಬರವಿಲ್ಲ. ಕೋಟೆಯೊಳಗಿನ ಹೊಂಡಗಳಿಗೆ ಮಾತ್ರ ಯಾರೂ ಕೈಹಾಕಬಾರದು. ಅವು ಸಂರಕ್ಷಿತ ಸ್ಮಾರಕದ ಭಾಗ.

ಊರಿನ ಹಿರಿಯರೊಬ್ಬರು ಹೇಳಿದ ಮಾತು ಇಲ್ಲಿ ದಾಖಲಾಗಬೇಕು. ಹೊಲದ ಮೇಲ್ಮಣ್ಣು ತುಂಬಿಕೊಳ್ಳುತ್ತಿದ್ದ ಹುಡುಗರನ್ನು ನೋಡಿ, "ಮೇಷ್ಟ್ರೇ, ಈ ಹೊಲದಾಗೆ ಇರೋದು ಬರೀ ಹೊಲದ ಮಣ್ಣಲ್ಲ. ನಮ್ಮಪ್ಪನ ಕಾಲದಾಗೆ ವರ್ಷಾ ವರ್ಷಾ ಬೇಸಿಗೇಲಿ ಕೆರೆ ಗೋಡು ಹೊಡೀತಿದ್ವಿ. ನಲವತ್ತು ಐವತ್ತು ಗಾಡಿ ಬಿದ್ದೈತೆ ಇದರಾಗೆ," ಅಂದರು.

"ಎಲ್ಲಾ ಹೊಲಕ್ಕೂ ಹೊಡೀತಿದ್ರಾ ಅಜ್ಜಾ?"

"ಹತ್ರದ ಹೊಲಕ್ಕೆ ಮಾತ್ರ. ಆ ದಿನ್ನೆ ಮ್ಯಾಲಿನವಕ್ಕೆ ಯಾರು ಹೊಡೀತಾರೆ, ಎತ್ತು ಸೋತು ಹೋಗ್ತಾವೆ."

ಆ ಒಂದು ಮಾತಿನಿಂದ ಎರಡು ವಿಷಯ ತಿಳಿದವು. ಕೆರೆಯ ಹತ್ತಿರದ ಹೊಲಗಳ ಮಣ್ಣನ್ನು 'ಹೊಲದ ಗುರುತು' ಎಂದು ಬಳಸುವಂತಿಲ್ಲ, ಅದರಲ್ಲಿ ಕೆರೆಯ ಜೇಡಿಯೇ ಸೇರಿದೆ. ದಿನ್ನೆಯ ಮೇಲಿನ ಹೊಲಗಳದ್ದನ್ನೇ ತೆಗೆಯಬೇಕು. ಎರಡನೆಯದು, ಗೋಡು ಹೊಡೆದ ಕಡೆಯಲ್ಲೆಲ್ಲ ಕೆರೆಯಂಗಳದ ಪದರಗಳು ಕಡಿದುಹೋಗಿವೆ. ಗಾಡಿ ಇಳಿಯಲು ಸುಲಭವಾದ ದಂಡೆಯ ಕಡೆ ಹೀಗಾಗಿರುವುದು ಹೆಚ್ಚು, ಏರಿಯ ಹತ್ತಿರದ ಆಳದಲ್ಲಿ ಕಡಿಮೆ. ಎಲ್ಲಿಂದ ಮಾದರಿ ತೆಗೆಯಬೇಕೆಂಬುದು ಆ ಹಿರಿಯರಿಂದಲೇ ತೀರ್ಮಾನವಾಯಿತು.

ಮೂರು ಪಟ್ಟೆ, ಮೂರು ಉತ್ತರ

ಕೆಲಸದ ವಿಧಾನ ಸರಳ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಹಾಕಿ ಎಲೆ, ಬೇರಿನ ಅಂಶ ಕಳೆಯುವುದು. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣದ ಹರಳು ಕರಗಿಸುವುದು. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಕದಡಿ ಕಣಗಳನ್ನು ಬಿಡಿಸುವುದು. ಆಮೇಲೆ ಸಿವಿಲ್ ಪ್ರಯೋಗಾಲಯದ 75 ಮೈಕ್ರಾನ್ ಜರಡಿಯಲ್ಲಿ ಮರಳು ಬೇರೆ ಮಾಡಿ, ಉಳಿದದ್ದನ್ನು ಅಳತೆ ಜಾಡಿಯಲ್ಲಿ ಇಳಿಯಲು ಬಿಡುವುದು. ನಮ್ಮ ಕಡೆಯ ಕೋಣೆಯ ಬಿಸಿಯಲ್ಲಿ 20 ಮೈಕ್ರಾನಿನ ಬೆಣಚಿನ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು ನಾಲ್ಕು ನಿಮಿಷ ಬೇಕು, 2 ಮೈಕ್ರಾನಿನ ಜೇಡಿಗೆ ಏಳು ಗಂಟೆಯ ಹತ್ತಿರ. ಹೊತ್ತು ನೋಡಿಕೊಂಡು ಪಿಪೆಟ್ಟಿನಲ್ಲಿ ಎತ್ತಿ, ಒಣಗಿಸಿ ತೂಗಿದರೆ ಗಾತ್ರದ ಹಂಚಿಕೆ ಸಿಗುತ್ತದೆ. ಲೇಸರ್ ಯಂತ್ರವಿದ್ದರೆ ನಿಮಿಷಗಳ ಕೆಲಸ. ಆದರೆ ಯಂತ್ರವಿಲ್ಲದ ಕಾಲೇಜೂ ಇದನ್ನು ಮಾಡಬಹುದು ಎಂಬುದನ್ನು ಒತ್ತಿ ಹೇಳಬೇಕು.

ಮೇಲಿನ ಪಟ್ಟೆಯನ್ನು ಹಳ್ಳದ ಬಾಯಿಯಿಂದ ಏರಿಯ ಕಡೆಗೆ ಒಂದೊಂದೇ ಗುಂಡಿಯಲ್ಲಿ ಹಿಂಬಾಲಿಸಿದಾಗ ಅದು ತೆಳುವಾಗುತ್ತಲೇ ಹೋಯಿತು, ಕಣವೂ ಸಣ್ಣದಾಗುತ್ತಾ ಹೋಯಿತು. ಹಳ್ಳದ ಬಾಯಲ್ಲಿ ಅದರ ಅಡಿಯಲ್ಲಿ ದಪ್ಪ ಮರಳು, ಮೇಲೆ ಸಿಲ್ಟ್ (ಮರಳಿಗಿಂತ ನಯ, ಜೇಡಿಗಿಂತ ಒರಟಾದ ಮಣ್ಣು), ತುದಿಯಲ್ಲಿ ಜೇಡಿಯ ತೆಳು ಪೊರೆ, ಪೊರೆಯ ಕೆಳಗೆ ಕೊಚ್ಚಿಬಂದ ಕಡ್ಡಿ. ಒಂದೇ ಮಳೆಯ ಪ್ರವಾಹ ರಭಸ ಇಳಿಯುತ್ತಾ ಬಿಟ್ಟುಹೋದ ಮಣ್ಣು ಹೀಗೆಯೇ ಇರುತ್ತದೆ. ಗಾಳಿಗೆ ಹಳ್ಳದ ಬಾಯಿ ಎಲ್ಲಿದೆ ಎಂಬುದು ಸಂಬಂಧವಿಲ್ಲ. ಇದು ನೀರಿನದು.

ನಡುವಿನ ಪಟ್ಟೆ ಹಾಗಲ್ಲ. ಹಳ್ಳದ ಬಾಯಲ್ಲೂ ಏರಿಯ ಬುಡದಲ್ಲೂ ಹೆಚ್ಚುಕಡಿಮೆ ಒಂದೇ ದಪ್ಪ, ಕೆಳಗಿನಿಂದ ಮೇಲಕ್ಕೆ ಒಂದೇ ನಯ, ಕಡ್ಡಿಕಸ ಇಲ್ಲ. ಗಾತ್ರದ ಹಂಚಿಕೆ ದೊಣೆಯ ಮಣ್ಣಿನ ನವಿರು ಭಾಗಕ್ಕೂ ಗುಡಿ ಮಾಳಿಗೆಯ ಮಣ್ಣಿಗೂ ಹತ್ತಿರ ಬಂತು, ಹಳ್ಳದ ಮರಳಿಗೆ ಬರಲಿಲ್ಲ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಪಟ್ಟೆಯ ಅಡಿಯಲ್ಲಿತ್ತು. ಅದರ ಕೆಳಗಿನ ಕಪ್ಪು ಜೇಡಿ ಹಿಂದೊಮ್ಮೆ ಒಣಗಿ ಬಿರುಕುಬಿಟ್ಟಿತ್ತು. ಗೇಣುದ್ದದ ಬಿರುಕುಗಳು ತುದಿಯವರೆಗೂ ಅದೇ ತಿಳಿಗಂದು ಸಿಲ್ಟಿನಿಂದ ತುಂಬಿದ್ದವು. ಚಾಕುವಿನಿಂದ ಬಿಡಿಸಿದಾಗ ಬಿರುಕಿನ ಅಂಚು ಇನ್ನೂ ಚೂಪಾಗಿ ಉಳಿದಿತ್ತು, ಒಳಗೋಡೆಗೆ ಜೇಡಿಯ ಲೇಪ ಇರಲಿಲ್ಲ. ಕೆರೆಗೆ ನೀರು ಬಂದಿದ್ದರೆ ಜೇಡಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತಿತ್ತು, ಇಲ್ಲವೇ ಅಂಚು ಕರಗಿ ಗುಂಡಗಾಗುತ್ತಿತ್ತು. ಬಿರುಕು ಬಾಯಿತೆರೆದು ಒಣಗಿದ್ದಾಗಲೇ ಒಣ ಮಣ್ಣು ಅದರೊಳಗೆ ಇಳಿದಿದೆ. ಖಾಲಿ ಕೆರೆಯ ಮೇಲೆ ಗಾಳಿ ಹೊದಿಸಿದ ಪದರ ಇದು ಎಂದು ನಾನು ಧೈರ್ಯವಾಗಿ ಹೇಳುವುದು ಈ ಬಿರುಕುಗಳ ಬಲದ ಮೇಲೆ. ಗಾತ್ರದ ನಕ್ಷೆಯೊಂದನ್ನೇ ನೆಚ್ಚಿ ನಾನು ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ.

ಕೆಳಗಿನ ಪಟ್ಟೆ ಎಲ್ಲಕ್ಕಿಂತ ಕುತೂಹಲದ್ದು. ರಾಸಾಯನಿಕ ಹಾಕಿ ಬಿಡಿಸಿ ಅಳೆದರೆ ಅದು ಬಹುಪಾಲು ಜೇಡಿ; ನೀರಿನದೆಂದು ಬರೆದು ಮುಗಿಸಬಹುದಿತ್ತು. ಆದರೆ ಇಂಥ ಕಡೆ ಬಿಡಿಸದ ಮಾದರಿಯನ್ನೂ ಅಳೆಯಬೇಕು. ಒಣ ಮಣ್ಣನ್ನು ಹಾಗೆಯೇ ಲೆನ್ಸಿನಡಿ ಹರಡಿದಾಗ ಕಂಡದ್ದು ಮರಳಿನ ಗಾತ್ರದ ಗುಂಡುಗುಂಡು ಜೇಡಿಯ ಕಾಳುಗಳು. ಒಣಗಿದ ಕೆರೆಯಂಗಳದ ಮೇಲ್ಪೊರೆ ಸಿಪ್ಪೆಯೆದ್ದು, ಪುಡಿಯಾಗಿ, ಆ ಪುಡಿ ಜಿಗಿದಾಡುತ್ತಾ ಉರುಟಾಗಿ ಇಂಥ ಕಾಳುಗಳಾಗುತ್ತವೆ. ಹೆಕ್ಸಾಮೆಟಾಫಾಸ್ಫೇಟ್ ಬಿದ್ದ ಕೂಡಲೇ ಅವು ಕರಗಿ ಸಾಕ್ಷಿಯೇ ಅಳಿಸಿಹೋಗುತ್ತದೆ. ಅಂದರೆ ಇದೂ ಗಾಳಿಯದೇ, ಆದರೆ ಹೊರಗಿನ ಧೂಳಲ್ಲ. ಕೆರೆ ತನ್ನ ಮಣ್ಣನ್ನು ತಾನೇ ಎಬ್ಬಿಸಿ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡದ್ದು. ಖಾಲಿ ಕೆರೆಯೂ ಧೂಳಿನ ಮೂಲವೇ ಎಂಬುದನ್ನು ಮರೆತರೆ ಇಂಥ ಪದರ ಇಡೀ ಸೀಮೆಯ ಬರಗಾಲದ ಕಥೆಯಾಗಿ ದಾಖಲಾಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಹುಲ್ಲು, ರಾಗಿಯಂಥ ಗಿಡಗಳ ಎಲೆಯಲ್ಲಿ ಸಿಲಿಕಾದ ಸೂಕ್ಷ್ಮ ಹರಳುಗಳಿರುತ್ತವೆ, ಕೆರೆಯ ಡಯಾಟಮ್ ಪಾಚಿಗೂ ಸಿಲಿಕಾದ ಚಿಪ್ಪಿದೆ. ಇವೆರಡೂ ಸಿಲ್ಟಿನ ಗಾತ್ರದವು, ಪೆರಾಕ್ಸೈಡಿಗೂ ಆಮ್ಲಕ್ಕೂ ಬಗ್ಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡದೆ ಸಿಲ್ಟನ್ನೆಲ್ಲ ಧೂಳೆಂದು ಎಣಿಸಬಾರದು.

ಕೆಂಪು ಪದರ: ತಿಳಿದ ಧೂಳಿನ ಮೇಲೆ ಒಂದು ಪರೀಕ್ಷೆ

ಕೆರೆಯ ಪಡುವಣಕ್ಕೆ ಒಂದು ರಸ್ತೆಯಿದೆ. ಅದಿರಿನ ಭರಾಟೆಯ ವರ್ಷಗಳಲ್ಲಿ ಅದರ ಮೇಲೆ ಲಾರಿಗಳು ಹಗಲಿರುಳು ಓಡಿದವು. ದಾರಿಬದಿಯ ಬೇಲಿ, ಬೆಳೆ, ಹೆಂಚು ಎಲ್ಲ ಕೆಂಪಾಗಿದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್ 26ರಂದು ಆ ಆದೇಶ ಚಿತ್ರದುರ್ಗ ಮತ್ತು ತುಮಕೂರಿಗೂ ವಿಸ್ತರಿಸಿತು. ಧೂಳು ಯಾವಾಗ ನಿಂತಿತು ಎಂಬುದು ತಾರೀಖಿನ ಸಮೇತ ಗೊತ್ತಿರುವುದು ಇಂಥ ಅಧ್ಯಯನದಲ್ಲಿ ಅಪರೂಪ. ಕಾಣದ ಕಾಲದ ಧೂಳನ್ನು ಓದುವ ಮೊದಲು ಕಂಡ ಕಾಲದ ಧೂಳನ್ನು ನಮ್ಮ ವಿಧಾನ ಸರಿಯಾಗಿ ಓದುತ್ತದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಟೈಲ್ಸಿನ ಹಿಂಬದಿಯ ಒರಟು ಬಿಳಿ ಮೈಗೆ ಆ ಪದರದ ಮಣ್ಣನ್ನು ಉಜ್ಜಿದರೆ ಗಾಢ ಇಟ್ಟಿಗೆ ಕೆಂಪಿನ ಗೆರೆ ಬಂತು. ಆದರೆ ಮಸಾರಿ ಮಣ್ಣೂ ಕೆಂಪು ಗೆರೆಯನ್ನೇ ಕೊಡುತ್ತದೆ, ತುಸು ಮಂಕಾಗಿ. ಆದ್ದರಿಂದ ತಟ್ಟೆಯಲ್ಲಿ ನೀರು ಹಾಕಿ ಜಾಲಿಸಿದೆವು. ಅದಿರಿನ ಮುಖ್ಯ ಖನಿಜವಾದ ಹೆಮಟೈಟಿನ ಸಾಂದ್ರತೆ 5.2ರ ಮೇಲೆ, ಬೆಣಚಿನದು 2.65, ಜಾಲಿಸಿದಾಗ ತಟ್ಟೆಯ ಅಂಚಿನಲ್ಲಿ ಉಕ್ಕಿನ ಬಣ್ಣದ ಹೊಳೆಯುವ ಚೂರುಗಳು ಉಳಿದವು. ದಿನ್ನೆ ಹೊಲದ ಮಣ್ಣಿನಲ್ಲಿ ಅಂಥ ಚೂರು ಸಿಗಲಿಲ್ಲ. ಕಪ್ಪು ಮರಳು ಸಿಕ್ಕಿತು, ಅಯಸ್ಕಾಂತಕ್ಕೆ ಹಾರಿ ಅಂಟಿತು.

ಆ ಕಪ್ಪು ಮರಳೇ ಇಲ್ಲಿನ ತೊಡಕು. ಡೈಕಿನ ಕರಿಕಲ್ಲು ಸವೆದು ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಬಿಡುತ್ತದೆ. ಕಾಂತಕ್ಷೇತ್ರಕ್ಕೆ ಮಣ್ಣು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆಯನ್ನು, ಅಂದರೆ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿಯನ್ನು ಮಾತ್ರ ನೆಚ್ಚಿದರೆ ಚಿಟಿಕೆ ಮ್ಯಾಗ್ನೆಟೈಟ್ ಹಿಡಿಗಟ್ಟಲೆ ಹೆಮಟೈಟನ್ನು ಮರೆಮಾಡುತ್ತದೆ. ಹೆಮಟೈಟಿನ ಸ್ಪಂದನೆ ಅಷ್ಟು ಕ್ಷೀಣ. ಎರಡನ್ನು ಬಿಡಿಸಲು ಬೇರೆ ದಾರಿ ಇದೆ. ಮ್ಯಾಗ್ನೆಟೈಟ್ 0.3 ಟೆಸ್ಲಾ (ಕಾಂತಕ್ಷೇತ್ರದ ಬಲದ ಮಾನ) ಕ್ಷೇತ್ರದ ಒಳಗೇ ಪೂರ್ತಿ ಕಾಂತವಾಗಿಬಿಡುತ್ತದೆ, ಹೆಮಟೈಟಿಗೆ 1 ಟೆಸ್ಲಾ ದಾಟಿದರೂ ಸಾಲದು. 0.3 ಟೆಸ್ಲಾದ ಮೇಲೆ ಇನ್ನೆಷ್ಟು ಕಾಂತತೆ ಸೇರಿತು ಎಂದು ನೋಡಿದರೆ ಹೆಮಟೈಟಿನ ಪಾಲು ತಿಳಿಯುತ್ತದೆ. ಟೈಟಾನಿಯಂ ಇನ್ನೊಂದು ಗುರುತು: ಡೈಕಿನ ಮ್ಯಾಗ್ನೆಟೈಟಿನಲ್ಲಿ ಅದಿದೆ, ಬೆಟ್ಟದ ಅದಿರಿನಲ್ಲಿ ತೀರಾ ಕಡಿಮೆ. ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಹಾಯಿಸಿ ಮೂಲಧಾತುಗಳನ್ನು ಅಳೆಯುವ) ಯಂತ್ರದಲ್ಲಿ ಕಬ್ಬಿಣಕ್ಕೂ ಟೈಟಾನಿಯಂಗೂ ಇರುವ ಅನುಪಾತ ನೋಡಿದರೆ ಎರಡೂ ದೂರ ದೂರ ನಿಲ್ಲುತ್ತವೆ.

ಕಾಂತತೆಯ ಅಳತೆಗೆ ಎಲ್ಲ ಕಡೆ ಒಂದೇ ಅರ್ಥ ಕೊಡುವುದು ಅಪಾಯ ಎಂಬುದಕ್ಕೆ ಲೋಕಪ್ರಸಿದ್ಧ ಉದಾಹರಣೆಯಿದೆ. ಚೀನಾದ ಲೋಯೆಸ್, ಅಂದರೆ ಗಾಳಿ ತಂದ ಧೂಳೇ ಕಟ್ಟಿದ, ಪ್ರಸ್ಥಭೂಮಿಯಲ್ಲಿ ಧೂಳಿನ ಪದರಗಳ ಅಳತೆ ಕಡಿಮೆ, ಮಳೆಗಾಲದಲ್ಲಿ ಹುಟ್ಟಿದ ಹಳೆ ಮಣ್ಣಿನ ಪದರಗಳದ್ದು ಹೆಚ್ಚು, ಏಕೆಂದರೆ ಮಣ್ಣು ಹಣ್ಣಾಗುವಾಗಲೇ ಕಾಂತದ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಅಲಾಸ್ಕಾದಲ್ಲಿ ತದ್ವಿರುದ್ಧ: ಬಿರುಸಿನ ಗಾಳಿ ಭಾರದ ಮ್ಯಾಗ್ನೆಟೈಟನ್ನೂ ಹೊತ್ತು ತಂದು, ಧೂಳಿನ ಪದರದಲ್ಲೇ ಅಳತೆ ಹೆಚ್ಚು. ಅಲ್ಲಿನ ಸೂತ್ರವನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ. ನಮ್ಮಲ್ಲಿ ಕೂಳೆ ಸುಡುವುದೂ ಮಣ್ಣಿನ ಕಾಂತತೆಯನ್ನು ಹೆಚ್ಚಿಸುತ್ತದೆ.

ಇಷ್ಟಾಗಿ ಕೆಂಪು ಪದರದಲ್ಲಿ ಅದಿರು ಇದೆ ಎಂಬುದು ಸ್ಥಿರವಾಯಿತು. ಅದು ಗಾಳಿಯಲ್ಲೇ ಬಂತೇ? ಪದರವನ್ನು ಹಿಂಬಾಲಿಸಿದಾಗ ರಸ್ತೆಯ ಮೋರಿ ಕೆರೆಗೆ ಬಾಯಿಬಿಡುವ ಮೂಲೆಯಲ್ಲಿ ಅದು ದಪ್ಪ, ಹೊಳೆಯುವ ಚೂರುಗಳೆಲ್ಲ ಅಲ್ಲೇ; ಅಲ್ಲಿಂದ ಬೀಸಣಿಗೆಯಾಕಾರದಲ್ಲಿ ಹರಡಿ ತೆಳುವಾಗುತ್ತದೆ. ಲಾರಿಯಿಂದ ಉದುರಿದ ಅದಿರು ರಸ್ತೆಯ ಮೇಲೆ, ಚರಂಡಿಯಲ್ಲಿ ಕೂತು, ಮಳೆಗೆ ಮೋರಿಯ ಮೂಲಕ ಇಳಿದಿದೆ. ಏರಿಯ ದೂರದ ತುದಿಯಲ್ಲಿ, ಮೋರಿಯ ನೀರಿನ ರಭಸ ಮುಟ್ಟದ ಕಡೆ, ಬಣ್ಣಕ್ಕೆ ಸಾಕಾಗುವಷ್ಟು ನವಿರು ಅದಿರು ಮಾತ್ರ ಇದೆ. ಗುಡಿ ಮಾಳಿಗೆಯ ಮೂಲೆಯಲ್ಲಿ ಕೂತದ್ದೂ ಅಂಥದ್ದೇ. ಹೊರಗಿನ ಖನಿಜ ಸಿಕ್ಕಿತು, ಆದ್ದರಿಂದ ಗಾಳಿ ತಂದದ್ದು ಎಂಬ ತರ್ಕ ತಿಳಿದ ಧೂಳಿನ ಮೇಲೇ ಅರ್ಧ ಸೋತಿತು. ಇನ್ನೂರು ವರ್ಷ ಹಿಂದಿನ ಪದರದಲ್ಲಿ ಇಂಥ ಮೋರಿ ಎಲ್ಲಿತ್ತೆಂದು ತೋರಿಸುವವರು ಯಾರೂ ಇರುವುದಿಲ್ಲ.

ಗಾಳಿಯನ್ನೂ ನೀರನ್ನೂ ಬಿಡಿಸಲು ಈ ಜೋಡಿ ಖನಿಜಗಳಲ್ಲೇ ಒಂದು ಸೂಕ್ಷ್ಮ ಉಪಾಯವಿದೆ. ಭಾರದ ಕಣ ಸಣ್ಣದಿದ್ದರೂ ಹಗುರದ ದೊಡ್ಡ ಕಣದ ಜೊತೆಗೇ ಇಳಿಯುತ್ತದೆ. ಲೆಕ್ಕ ಹಾಕಿದರೆ, ಗಾಳಿಯಲ್ಲಿ ಒಂದೇ ವೇಗದಲ್ಲಿ ಇಳಿಯಲು ಬೆಣಚಿನ ಕಣ ಹೆಮಟೈಟ್ ಕಣದ ಸುಮಾರು 1.4 ಪಟ್ಟು ದೊಡ್ಡದಿರಬೇಕು, ನೀರಿನಲ್ಲಿ ಸುಮಾರು 1.6 ಪಟ್ಟು, ನೀರಿನ ತೇಲಿಸುವ ಬಲ ಹಗುರದ ಬೆಣಚಿಗೇ ಹೆಚ್ಚು ನೆರವಾಗುವುದು ಇದಕ್ಕೆ ಕಾರಣ. ಒಂದೇ ಪದರದ ಎರಡೂ ಖನಿಜಗಳ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರೆ ಯಾವ ಅನುಪಾತಕ್ಕೆ ಹತ್ತಿರ ಎಂದು ನೋಡಬಹುದು. ಹೆಮಟೈಟ್ ಚೂರುಗಳು ಚಪ್ಪಟೆ, ಆದ್ದರಿಂದ ಅಂತರ ಇಷ್ಟು ಅಚ್ಚುಕಟ್ಟಾಗಿ ಸಿಗುವುದಿಲ್ಲ. ಒಂದೇ ಸಾಕ್ಷಿಯಾಗಿ ಇದನ್ನು ನಿಲ್ಲಿಸಬಾರದು, ಬಿರುಕು ಮತ್ತು ಹರವಿನ ಜೊತೆಗೆ ಸೇರಿಸಿದರೆ ಬಲ ಬರುತ್ತದೆ.

ಧಾತು ಈಶ್ವರದ ಬರ ಮತ್ತು ನಡುವಿನ ಪಟ್ಟೆ

ನಡುವಿನ ಪಟ್ಟೆ ಗಾಳಿಯದು, ಕೆರೆ ಖಾಲಿಯಿದ್ದಾಗಿನದು ಎಂದ ಕೂಡಲೇ ಊರವರಿಗೆ ಒಂದು ಉತ್ತರ ಹೊಳೆಯಿತು. "ಹಂಗಾರೆ ಅದು ಧಾತು ಈಶ್ವರದ ಬರದ್ದೇ ಮೇಷ್ಟ್ರೇ. ನಮ್ಮ ಮುತ್ತಜ್ಜಿ ಹೇಳ್ತಿದ್ಲಂತೆ, ಕೆರೆ ಬಿರಿದು ದನ ಕಾಲು ಸಿಕ್ಕಿಸ್ಕೊಂತಿದ್ವಂತೆ." 1876ರಿಂದ 78ರ, ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರ ಮೈಸೂರು ಸೀಮೆಯನ್ನು ಬರಿದು ಮಾಡಿದ್ದು ನಿಜ, ಅದರ ನೆನಪು ಇಂದಿಗೂ ಮನೆಮನೆಯಲ್ಲಿ ಉಳಿದಿರುವುದೂ ನಿಜ. ಆ ನೆನಪಿನ ಮೇಲೆ ನನಗೆ ಗೌರವವಿದೆ. ಆದರೂ ಪಟ್ಟೆಗೆ ಆ ಹೆಸರು ಬರೆಯಲು ನಾನು ಒಪ್ಪಲಿಲ್ಲ. ಈ ನಾಡಿನಲ್ಲಿ ಕೆರೆ ಒಣಗಿದ ವರ್ಷಗಳು ಒಂದೆರಡಲ್ಲ. ವಯಸ್ಸು ಅಳೆಯದೆ ಪದರಕ್ಕೆ ಬರದ ಹೆಸರು ಕೊಟ್ಟರೆ, ಮುಂದೆ ಆ ಬರಕ್ಕೆ ಈ ಪದರವನ್ನೇ ಸಾಕ್ಷಿ ಮಾಡುವವರು ಹುಟ್ಟುತ್ತಾರೆ.

ವಯಸ್ಸಿಗೆ ದಾರಿಗಳಿವೆ. ಅಣುಬಾಂಬ್ ಪರೀಕ್ಷೆಗಳಿಂದ ಹಬ್ಬಿದ ವಿಕಿರಣಶೀಲ ಸೀಸಿಯಂ-137 ಹೂಳಿನಲ್ಲಿ 1963ರ ಸುಮಾರಿಗೆ ತುದಿ ಮುಟ್ಟಿರುತ್ತದೆ. 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ಇನ್ನೊಂದು ವಿಕಿರಣಶೀಲ ಧಾತು ಸೀಸ-210 ಕಳೆದ ನೂರು ನೂರೈವತ್ತು ವರ್ಷಕ್ಕೆ ಆಗುತ್ತದೆ, ಗೋಡು ತೆಗೆಯದ ಜಾಗ ಸಿಕ್ಕರೆ. ಅದಕ್ಕೂ ಹಳೆಯದಕ್ಕೆ ಬೆಣಚಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ಓಎಸ್‌ಎಲ್ ವಿಧಾನ. ಗಾಳಿಯ ಧೂಳಿಗೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ತೇಲಿ ಬರುವ ಕಣಕ್ಕೆ ಬಿಸಿಲು ಪೂರ್ತಿ ತಾಗುತ್ತದೆ. ಕೆಸರು ಪ್ರವಾಹದಲ್ಲಿ ರಾತ್ರೋರಾತ್ರಿ ಉರುಳಿ ಬಂದ ಕಣದಲ್ಲಿ ಹಳೆಯ ಲೆಕ್ಕ ಅರ್ಧ ಉಳಿದು, ಇರುವುದಕ್ಕಿಂತ ಹೆಚ್ಚು ವಯಸ್ಸು ತೋರಿಸಬಹುದು. ಹೀಗಾಗಿ ಪಟ್ಟೆ ಯಾರದ್ದು ಎಂಬುದನ್ನು ಮೊದಲು ಬಿಡಿಸಿಕೊಳ್ಳದೆ ವಯಸ್ಸಿಗೆ ಕಳುಹಿಸಿದರೆ ವಯಸ್ಸೂ ಕೆಡುತ್ತದೆ.

ವಯಸ್ಸು ಬೇಕಾಗುವುದು ಹೆಸರಿಡಲು ಮಾತ್ರವಲ್ಲ. ಒಂದು ಪದರದಲ್ಲಿ ಧೂಳಿನ ಪಾಲು ನೂರಕ್ಕೆ ಇಷ್ಟು ಎಂಬ ಲೆಕ್ಕ ಮೋಸದ್ದು. ಬರದ ವರ್ಷ ಹಳ್ಳ ಹರಿಯುವುದಿಲ್ಲ, ನೀರು ತರುವ ಮಣ್ಣು ನಿಂತುಹೋಗುತ್ತದೆ. ಗಾಳಿಯ ಧೂಳು ಎಂದಿನಷ್ಟೇ ಬಿದ್ದರೂ ಪದರದಲ್ಲಿ ಅದರ ಪಾಲು ಏರಿದಂತೆ ಕಾಣುತ್ತದೆ. ಧೂಳು ನಿಜಕ್ಕೂ ಹೆಚ್ಚಿತೇ ಎಂದು ಹೇಳಲು ಒಂದು ಚದರ ಮೀಟರಿಗೆ ಒಂದು ವರ್ಷಕ್ಕೆ ಎಷ್ಟು ಗ್ರಾಂ ಬಿತ್ತು ಎಂಬ ಲೆಕ್ಕ ಬೇಕು. ಅದಕ್ಕೆ ಪದರದ ಕೆಳಗಿನ ವಯಸ್ಸು, ಮೇಲಿನ ವಯಸ್ಸು, ಒಣಮಣ್ಣಿನ ಸಾಂದ್ರತೆ ಮೂರೂ ಬೇಕು.

ವಾಣಿವಿಲಾಸ ಸಾಗರದಲ್ಲಿ ಏಕೆ ನೋಡಬಾರದು ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಹೂಳಿನ ತಳಕ್ಕೆ ತಾರೀಖು ಆಗಲೇ ಇದೆ. ಆದರೆ ವೇದಾವತಿಯ ಅಷ್ಟು ದೊಡ್ಡ ಜಲಾನಯನದ ಕೆಸರಿನಲ್ಲಿ ಗಾಳಿಯ ಪಾಲು ಮುಳುಗಿಹೋಗುತ್ತದೆ. ಧೂಳು ಓದಲು ಜಲಾನಯನ ಚಿಕ್ಕದಿದ್ದಷ್ಟೂ ಒಳ್ಳೆಯದು. ದೊಣೆ ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ, ಸಣ್ಣ ಊರ ಕೆರೆ ಅದರ ನಂತರ.

ಬಿಟ್ಟ ಕಂಬ

ಹೂಳೆತ್ತುವುದು ಬೇಡ ಎಂದು ಯಾರೂ ಹೇಳಲಾರರು. ನೀರು ನಿಲ್ಲಬೇಕು, ಕೊಳವೆಬಾವಿ ಬದುಕಬೇಕು. ಆದರೆ ಜಿಲ್ಲೆಯಲ್ಲಿ ಉದ್ಯೋಗ ಖಾತ್ರಿಯಲ್ಲೋ ಯಂತ್ರದಲ್ಲೋ ಒಂದೊಂದು ಕೆರೆ ಬರಿದಾದಾಗಲೂ ಆ ಊರಿನ ಗಾಳಿ, ಮಳೆ, ಬೇಸಾಯದ ದಾಖಲೆ ಟ್ರಾಕ್ಟರಿನಲ್ಲಿ ಹೊಲಕ್ಕೆ ಹೋಗುತ್ತಿದೆ. ಅದನ್ನು ಮತ್ತೆ ತರುವ ದಾರಿಯಿಲ್ಲ, ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಈ ಊರಿನ ಪಂಚಾಯಿತಿಯವರಿಗೆ ವಿಷಯ ತಿಳಿಸಿದಾಗ ಅವರು ತಡಮಾಡದೆ ಒಪ್ಪಿದರು: ಏರಿಯ ದೂರದ ತುದಿಯಲ್ಲಿ, ಮೋರಿಯಿಂದಲೂ ಹಳ್ಳದಿಂದಲೂ ಆಚೆ, ಗಾಡಿ ಇಳಿಯದ ಜಾಗದಲ್ಲಿ ಎರಡು ಮಾರು ಅಗಲದ ಮಣ್ಣನ್ನು ಅಗೆಯದೆ ಕಂಬದಂತೆ ಬಿಟ್ಟಿದ್ದಾರೆ. ಏರಿಯ ಬುಡಕ್ಕೂ ಅದರಿಂದ ಆಸರೆಯೇ.

ಅದರ ಮಗ್ಗುಲಿನಿಂದ ನಡುವಿನ ಪಟ್ಟೆಗೂ ಅದರ ಮೇಲಿನ, ಕೆಳಗಿನ ಜೇಡಿಗೂ ಉಕ್ಕಿನ ಕೊಳವೆ ಹೊಡೆದು, ಬಿಸಿಲು ತಾಗದಂತೆ ಕಪ್ಪು ಬಟ್ಟೆ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಓಎಸ್‌ಎಲ್ ಮಾಡುವ ಪ್ರಯೋಗಾಲಯಕ್ಕೆ ಕಳುಹಿಸಿದ್ದೇವೆ. ಪಕ್ಕದಲ್ಲೇ ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಕೆತ್ತಿದ ಮಾದರಿಗಳು ಸೀಸ-210ಕ್ಕಾಗಿ ಚೀಲದಲ್ಲಿ ಕಾಯುತ್ತಿವೆ. ಕೊಳವೆಗಳ ಫಲಿತಾಂಶ ಬಂದ ಮೇಲೆ ಮೊದಲು ಹಾಕುವ ಲೆಕ್ಕ ನಡುವಿನ ಪಟ್ಟೆಯ ವಾರ್ಷಿಕ ಗ್ರಾಂ. ದಿನ್ನೆ ಹೊಲದ ರೈತರು ಈ ಆಷಾಢದಿಂದ ತಮ್ಮ ಬದುವಿನ ಮೇಲೆ ಗೋಲಿ ತುಂಬಿದ ಅಗಲ ಬಾಯಿಯ ತಟ್ಟೆಗಳನ್ನು ಇಡಲು ಒಪ್ಪಿದ್ದಾರೆ. ಗೋಲಿಗಳ ಸಂದಿಗೆ ಇಳಿದ ಧೂಳು ಮತ್ತೆ ಹಾರುವುದಿಲ್ಲ. ತಿಂಗಳಿಗೊಮ್ಮೆ ತೊಳೆದು ತೂಗಿದರೆ ಇಂದಿನ ಧೂಳಿನ ಲೆಕ್ಕವೂ ಅದೇ ಗ್ರಾಂ, ಅದೇ ಚದರ ಮೀಟರಿನಲ್ಲಿ ಕೈಗೆ ಬರುತ್ತದೆ.